ಪತ್ತನಾಜೆ ಇಲ್ಲದ ಆಟ

ಶಾಲೆ ಬದಲಾಯಿಸಿದ ಮಕ್ಕಳಿಗೆಲ್ಲ ಟಿ.ಸಿ. ಎಂದರೆ ಏನೆಂದು ಗೊತ್ತು. ಹಳೆಯ ಶಾಲೆಯ ಹೆಡ್‌ಮಾಸ್ತರರು ಸಹಿ ಹಾಕಿ, ಮೊಹರು ಒತ್ತಿ ಕೊಡುವ ಒಂದು ಹಾಳೆ. ಅದನ್ನು ಹಿಡಿದುಕೊಂಡು ಹೋದರೆ ಹೊಸ ಶಾಲೆಯ ಬಾಗಿಲು ತೆರೆಯುತ್ತದೆ. ಈಗ ಸುಮ್ಮನೆ ಒಂದು ಕಲ್ಪನೆ ಮಾಡಿ. ನಿಮ್ಮ ಶಾಲೆಯ ಎದುರಿಗೇ ಇನ್ನೊಂದು ಶಾಲೆ ಶುರುವಾಯಿತು. ಅಲ್ಲಿಯ ಕ್ರೀಡಾಕೂಟಕ್ಕೆ ನೀವು ಹೋಗಿ ನೂರು ಮೀಟರ್ ಓಡಿ ಬಂದಿರಿ. ಮರುದಿನ ನಿಮ್ಮ ಶಾಲೆಯವರು ರಿಜಿಸ್ಟರಿನಲ್ಲಿ ನಿಮ್ಮ ಹೆಸರಿಗೆ ಕೆಂಪು ಗೆರೆ ಎಳೆದು, "ಅಲ್ಲಿ ಓಡಿದವನಿಗೆ ಇನ್ನು ಇಲ್ಲಿ ಜಾಗ ಇಲ್ಲ. ಬೇರೆ ಊರಿನ ಶಾಲೆಯಲ್ಲೂ ಇಲ್ಲ. ದೊಡ್ಡವನಾದ ಮೇಲೆ ಮೇಷ್ಟ್ರ ಕೆಲಸವೂ ಇಲ್ಲ" ಎಂದರೆ ಹೇಗಿರುತ್ತದೆ? ಹಾಗೂ ಉಂಟಾ ಎಂದು ನಗಬೇಡಿ. ನಮ್ಮ ದೇಶದಲ್ಲೇ, ನಿಮ್ಮ ಅಪ್ಪ ಅಮ್ಮ ನೋಡನೋಡುತ್ತಿರುವಾಗಲೇ ಹೀಗೆ ನಡೆದದ್ದುಂಟು. ಶಾಲೆಯಲ್ಲಿ ಅಲ್ಲ, ಕ್ರಿಕೆಟ್ಟಿನಲ್ಲಿ.

ಈ ವಿಷಯ ಈಗ ನೆನಪಾಗಲು ಒಂದು ಕಾರಣ ಉಂಟು. ನನ್ನ ಮೊಮ್ಮಗ ಒಂಬತ್ತನೇ ತರಗತಿ. ಅವನಿಗೆ ಇ-ಸ್ಪೋರ್ಟ್ಸ್ ಹುಚ್ಚು. ಅಜ್ಜ ಅಜ್ಜಿಯರಿಗೆ ಗೊತ್ತಾಗಲೆಂದು ಹೇಳುತ್ತೇನೆ, ಇದು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ತಂಡ ಕಟ್ಟಿಕೊಂಡು ಆಡುವ ಪಂದ್ಯ. ಪೋಕರಿಯಾಟ ಎಂದು ತಳ್ಳಿಹಾಕುವಂತಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಇದನ್ನು ಕ್ರೀಡಾ ಇಲಾಖೆಯ ಕೆಳಗೆ ಸೇರಿಸಿತು. ಮರುವರ್ಷ ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದಕ್ಕೂ ಪದಕ ಕೊಟ್ಟರು. ದೊಡ್ಡ ತಂಡಗಳು ಹುಡುಗರಿಗೆ ಸಂಬಳ ಕೊಟ್ಟು, ಕರಾರು ಬರೆಸಿ ಆಡಿಸುತ್ತವೆ. ಒಂದು ತಂಡದ ಹುಡುಗನನ್ನು ಇನ್ನೊಂದು ತಂಡ ಹಣ ಕೊಟ್ಟು ಬಿಡಿಸಿಕೊಳ್ಳುವುದೂ ಉಂಟು. ಅದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ. (ನಮ್ಮ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಎಂದರೆ ಹೆಡ್ಡಾಫೀಸಿನಿಂದ ಬರುವ ಕಂದು ಲಕೋಟೆ. ಅದು ಬಂದ ದಿನ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಅದೇ ಶಬ್ದಕ್ಕೆ ಈ ಹುಡುಗರು ಸಿಹಿ ಹಂಚುತ್ತಾರೆ!)

ಮೊಮ್ಮಗ ಕೇಳಿದ್ದು ಇಷ್ಟು: "ಅಜ್ಜ, ಒಂದು ಲೀಗಿನಲ್ಲಿ ಆಡಿದವರು ಇನ್ನೊಂದು ಲೀಗಿಗೆ ಬರಬಾರದು ಅಂತ ಹೇಳ್ತಾರಂತೆ. ಹಾಗೆ ಹೇಳ್ಲಿಕ್ಕೆ ಆಗ್ತದಾ?"

ಹೇಳಿದವರು ಇದ್ದಾರೆ. ಈ ಆಟಗಳ ತವರುಮನೆ ದಕ್ಷಿಣ ಕೊರಿಯಾ. ಅಲ್ಲಿ 2012ರಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಆಟಕ್ಕೆ ಎರಡು ಬಣ ಹುಟ್ಟಿಕೊಂಡಿತ್ತು. ಎರಡಕ್ಕೂ ತಮ್ಮ ತಮ್ಮ ತಂಡಗಳು, ತಮ್ಮ ತಮ್ಮ ಆಟಗಾರರು. ಆಗಸ್ಟ್ ತಿಂಗಳಲ್ಲಿ ಹಳೆಯ ಬಣದವರು ತಮ್ಮ ಹುಡುಗರನ್ನು ಒಂದು ದೊಡ್ಡ ಪಂದ್ಯಾವಳಿಯಿಂದ ಹಿಂದೆ ಕರೆಸಿಕೊಂಡರು. ಹೊಸ ಬಣದವರು, ಹಾಗಾದರೆ ನೀವು ಆಡುವ ಇನ್ನೊಂದು ಪಂದ್ಯಾವಳಿಗೆ ನಮ್ಮವರೂ ಬರುವುದಿಲ್ಲ ಎಂದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು, ಆಟ ನಡೆಯಿತು. ಆ ದಿನಗಳಲ್ಲಿ ಉಗುರು ಕಚ್ಚುತ್ತಾ ಕೂತವರು ಬಣದ ಮುಖ್ಯಸ್ಥರಲ್ಲ, ಆಡಬೇಕಾಗಿದ್ದ ಹುಡುಗರು.

ಕೊರಿಯಾದವರು ಬೇಗ ರಾಜಿಯಾದರು. ನಮ್ಮಲ್ಲಿ ಎರಡು ವರ್ಷ ಹಿಡಿಯಿತು. ಆ ಕಥೆಗೆ ಹೋಗುವ ಮೊದಲು ನಮ್ಮ ಊರಿನ ಕ್ರಮ ಸ್ವಲ್ಪ ಹೇಳಬೇಕು. ಯಾಕೆಂದರೆ ಒಂದಕ್ಕಿಂತ ಹೆಚ್ಚು ಯಜಮಾನರು, ಅವರ ನಡುವೆ ಪೈಪೋಟಿ, ಮಧ್ಯದಲ್ಲಿ ಕಲಾವಿದ, ಇದು ನಮ್ಮ ತುಳುನಾಡಿಗೆ ಹೊಸತೇನೂ ಅಲ್ಲ. ನಮ್ಮಲ್ಲಿ ಯಕ್ಷಗಾನಕ್ಕೂ ಆಟವೆಂದೇ ಹೆಸರಲ್ಲವೇ!

ಯಕ್ಷಗಾನ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟರೆ ನಿಲ್ಲುವುದು ಪತ್ತನಾಜೆಗೆ. ಪತ್ತನಾಜೆ ಎಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಹೆಚ್ಚುಕಡಿಮೆ ಮೇ 24ರ ಹೊತ್ತಿಗೆ ಬರುತ್ತದೆ. ಅಂದು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆಗಾಲ ಮುಗಿದ ಮೇಲೆ. ಭಾಗವತರಿರಲಿ, ಮದ್ದಳೆಗಾರರಿರಲಿ, ಸ್ತ್ರೀವೇಷದವರಿರಲಿ, ಮೇಳದ ಜತೆ ಅವರ ಮಾತು ಆ ಒಂದು ತಿರುಗಾಟಕ್ಕೆ. ನಡುವೆ ಚೌಕಿ ಬಿಟ್ಟು ಇನ್ನೊಂದು ಮೇಳಕ್ಕೆ ಹೋದರೆ ಊರು ಒಪ್ಪುತ್ತಿರಲಿಲ್ಲ. ರಾತ್ರಿ ಪ್ರಸಂಗಕ್ಕೆ ಅರ್ಜುನನೇ ಇಲ್ಲ ಎಂದಾದರೆ ಯಜಮಾನ ಏನು ಮಾಡಬೇಕು? ಆದರೆ ಪತ್ತನಾಜೆಯ ಮರುದಿನದಿಂದ ಕಲಾವಿದ ಸ್ವತಂತ್ರ. ಟಿಕೆಟಿನ ಡೇರೆ ಮೇಳಗಳು ಜೋರಾಗಿದ್ದ ಕಾಲದಲ್ಲಿ ಮಳೆಗಾಲವಿಡೀ ನಮ್ಮ ಹಿರಿಯರಿಗೆ ಅದೇ ಮಾತು. ಈ ಸಲ ಯಾರು ಯಾವ ಮೇಳಕ್ಕೆ? ಯಾರಿಗೆ ಎಷ್ಟು ಮುಂಗಡ ಕೊಟ್ಟರಂತೆ? ಕಳೆದ ವರ್ಷ ಒಂದು ಮೇಳದಲ್ಲಿ ಕರ್ಣನಾಗಿ ಮೆರೆದವರನ್ನು ಈ ವರ್ಷ ಇನ್ನೊಂದು ಮೇಳದ ಡೇರೆಯಲ್ಲಿ ನೋಡಲು ಜನ ಇನ್ನಷ್ಟು ಉತ್ಸಾಹದಿಂದ ಹೋಗುತ್ತಿದ್ದರು. ಫುಟ್‌ಬಾಲಿನವರು ಟ್ರಾನ್ಸ್‌ಫರ್ ವಿಂಡೋ ಎಂದು ಕರೆಯುವುದು ಬೇರೆ ಏನೂ ಅಲ್ಲ, ನಮ್ಮ ಪತ್ತನಾಜೆಯೇ.

ಈಗ ಕ್ರಿಕೆಟ್ಟಿಗೆ ಬರೋಣ. 2007ರ ವಿಶ್ವಕಪ್‌ನಲ್ಲಿ ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತು ವೆಸ್ಟ್ ಇಂಡೀಸಿನಿಂದ ಮನೆಗೆ ಬಂತು. ಊರೆಲ್ಲ ಸೂತಕದ ಮನೆಯ ಹಾಗಿತ್ತು. ಅದರ ಮರುತಿಂಗಳು, ಏಪ್ರಿಲ್‌ನಲ್ಲಿ, ಜೀ ಟೆಲಿವಿಷನ್ ಸಮೂಹದ ಸುಭಾಷ್ ಚಂದ್ರ ಅವರು ಇಂಡಿಯನ್ ಕ್ರಿಕೆಟ್ ಲೀಗ್ ಎಂಬ ಹೊಸ ಪಂದ್ಯಾವಳಿ ಘೋಷಿಸಿದರು. ಚಿಕ್ಕದಾಗಿ ಐಸಿಎಲ್. ಟಿ.ವಿ.ಯಲ್ಲಿ ಭಾರತದ ಕ್ರಿಕೆಟ್ ತೋರಿಸುವ ಹಕ್ಕಿಗೆ ಅವರ ಚಾನೆಲ್ ಮೊದಲೇ ಪ್ರಯತ್ನ ಮಾಡಿ ಸೋತಿತ್ತು. ಅಂಗಡಿಯವನು ಸಾಮಾನು ಕೊಡದಿದ್ದರೆ ನಾವೇ ಒಂದು ಅಂಗಡಿ ಇಡುವುದು, ಹಾಗೆ. ಇಪ್ಪತ್ತು ಓವರಿನ ಪಂದ್ಯ, ಊರಿನ ಹೆಸರಿನ ತಂಡಗಳು, ಬಣ್ಣದ ಅಂಗಿ, ವಿದೇಶಿ ಆಟಗಾರರು. ಇವತ್ತು ನೀವು ಐಪಿಎಲ್ ಎಂದು ನೋಡುವುದರ ರೂಪರೇಖೆ ಅದರಲ್ಲಿ ಆಗಲೇ ಇತ್ತು. ಹೊಸ ಲೀಗಿನ ಮಂಡಳಿಗೆ ಮುಖ್ಯಸ್ಥರಾಗಿ ಬಂದವರು ಕಪಿಲ್ ದೇವ್, 1983ರಲ್ಲಿ ನಮಗೆ ವಿಶ್ವಕಪ್ ತಂದುಕೊಟ್ಟ ಕಪ್ತಾನ.

ಭಾರತದಲ್ಲಿ ಕ್ರಿಕೆಟ್ಟಿನ ಯಜಮಾನಿಕೆ ಬಿಸಿಸಿಐ ಎಂಬ ಮಂಡಳಿಯದ್ದು. ಅದಕ್ಕೆ ಸಿಟ್ಟು ಬಂತು. ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಹುಡುಗರನ್ನು ಚಿಕ್ಕಂದಿನಿಂದ ಆಡಿಸಿ, ರಣಜಿ ಪಂದ್ಯ ನಡೆಸಿ, ಪಿಚ್ ಹಾಸಿ, ಅಂಪೈರ್‌ಗಳನ್ನು ತಯಾರು ಮಾಡಿದವರು ಅವರು. ಬೆಳೆದ ಪೈರನ್ನು ಇನ್ನೊಬ್ಬ ಕೊಯ್ಯಲು ಬಂದರೆ ಗದ್ದೆಯ ಒಡೆಯನಿಗೆ ಖುಷಿಯಾಗುತ್ತದೆಯೇ? ಆದರೆ ಸಿಟ್ಟು ಯಾರ ಮೇಲೆ ಇಳಿಯಿತು ನೋಡಿ. ಐಸಿಎಲ್ ಸೇರಿದವರು ಭಾರತಕ್ಕೆ ಆಡುವ ಹಾಗಿಲ್ಲ. ರಾಜ್ಯಕ್ಕೂ ಆಡುವ ಹಾಗಿಲ್ಲ. ಕಪಿಲ್ ದೇವ್ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 2007ರ ಆಗಸ್ಟಿನಲ್ಲಿ ಆ ಕುರ್ಚಿಯಿಂದ ಇಳಿಸಿದರು. ಮಂಡಳಿ ಕೊಡುತ್ತಿದ್ದ ಪಿಂಚಣಿಯೂ ನಿಂತಿತು. ಪಿಂಚಣಿಯ ಮೇಲೆ ಬದುಕುವ ನನ್ನಂಥವನಿಗೆ ಈ ಕೊನೆಯ ಸುದ್ದಿ ಓದಿದಾಗ ಮೈ ಜುಮ್ಮೆಂದಿತ್ತು. ಅದು ಹಿಂದೆ ಮಾಡಿದ ಕೆಲಸಕ್ಕೆ ಕೊಡುವ ಹಣ. ಇಂದು ಯಾರ ಜತೆ ಮಾತಾಡುತ್ತಾನೆ ಎಂಬುದಕ್ಕೂ ಅದಕ್ಕೂ ಏನು ಸಂಬಂಧ?

ಮೈದಾನಗಳ ಬಾಗಿಲೂ ಮುಚ್ಚಿತು. ದೊಡ್ಡ ಕ್ರೀಡಾಂಗಣಗಳೆಲ್ಲ ಮಂಡಳಿಯ ಕೆಳಗಿನ ರಾಜ್ಯ ಸಂಸ್ಥೆಗಳ ಕೈಯಲ್ಲಿ. ಹಾಗಾಗಿ ಐಸಿಎಲ್‌ನ ಮೊದಲ ಪಂದ್ಯಾವಳಿ 2007ರ ನವೆಂಬರ್ 30ರಂದು ಶುರುವಾದದ್ದು ಚಂಡೀಗಢದ ಪಕ್ಕದ ಪಂಚಕುಲದಲ್ಲಿ. ಮುಂಬೈ, ಚೆನ್ನೈ, ಕೋಲ್ಕತ, ದೆಹಲಿ, ಹೈದರಾಬಾದ್, ಚಂಡೀಗಢ ಎಂದು ಆರು ತಂಡ, ಎಲ್ಲವೂ ಆ ಒಂದೇ ಊರಿನಲ್ಲಿ ಆಡಿದವು. ಮೊದಲ ಸಲ ಗೆದ್ದದ್ದು ಚೆನ್ನೈ.

ಅಷ್ಟರೊಳಗೆ ಮಂಡಳಿಯವರೂ ಎದ್ದು ಕೂತಿದ್ದರು. 2007ರ ಸೆಪ್ಟೆಂಬರಿನಲ್ಲಿ ಐಪಿಎಲ್ ಘೋಷಣೆಯಾಯಿತು. 2008ರ ಏಪ್ರಿಲ್ 18ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಮೊದಲ ಪಂದ್ಯ. ಕೋಲ್ಕತದ ಪರ ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ ಔಟಾಗದೆ 158 ಹೊಡೆದರು. ದ್ರಾವಿಡ್ ನಾಯಕರಾಗಿದ್ದ ನಮ್ಮ ತಂಡ 82ಕ್ಕೆ ಮುದುಡಿತು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರಿಗೆ ಸರಿಯಾಗಿ ಅಂದೇ ಹದಿನಾರು ತುಂಬಿದ್ದು. ಅವರ ಮುಂದಿನ ದಾರಿ ಆ ರಾತ್ರಿ ತೆರೆಯಿತು ಎನ್ನಬಹುದು. ಆದರೆ ಅವರಿಗಿಂತ ಎಂಟು ವರ್ಷ ದೊಡ್ಡವರಾದ ಬೆಂಗಳೂರಿನ ಇನ್ನೊಬ್ಬ ಹುಡುಗನಿಗೆ ಅಂದು ಆ ಮೈದಾನದ ಬಾಗಿಲು ಹಾಕಿತ್ತು.

ಅವರ ಹೆಸರು ಸ್ಟುವರ್ಟ್ ಬಿನ್ನಿ. ಅಜ್ಜಂದಿರಿಗೆ ಬಿನ್ನಿ ಎಂದ ಕೂಡಲೇ ರೋಜರ್ ಬಿನ್ನಿ ನೆನಪಾಗುತ್ತಾರೆ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ಪಡೆದು ಎಲ್ಲ ದೇಶದ ಬೌಲರುಗಳಿಗಿಂತ ಮುಂದೆ ನಿಂತವರು. ಸ್ಟುವರ್ಟ್ ಅವರ ಮಗ. 1984ರಲ್ಲಿ ಹುಟ್ಟಿ, ಕರ್ನಾಟಕಕ್ಕೆ ರಣಜಿ ಆಡಿ, ತಂಡದಲ್ಲಿ ಖಾಯಂ ಜಾಗ ಗಟ್ಟಿಯಾಗುವ ಮೊದಲೇ ಐಸಿಎಲ್ ಸೇರಿದರು. ಹೈದರಾಬಾದ್ ತಂಡಕ್ಕೆ ಆಡಿದರು. ಆಗ ವಯಸ್ಸು 23. ಕ್ರಿಕೆಟಿಗನಿಗೆ ಇಪ್ಪತ್ತಮೂರರಿಂದ ಇಪ್ಪತ್ತೈದು ಎಂದರೆ ನಮಗೆ ಬೇಸಾಯದಲ್ಲಿ ಆಟಿಯ ಮೊದಲಿನ ನಾಟಿಯ ಹೊತ್ತು. ಆಗ ಗದ್ದೆಗೆ ಇಳಿಯದಿದ್ದರೆ ಆಮೇಲೆ ಇಳಿದು ಏನು? ಆ ಎರಡು ವರ್ಷ ಅವರಿಗೆ ಕರ್ನಾಟಕದ ತಂಡವೂ ಇರಲಿಲ್ಲ, ಐಪಿಎಲ್ಲೂ ಇರಲಿಲ್ಲ. ಹೈದರಾಬಾದಿನ ಅಂಬಟಿ ರಾಯುಡು ಅವರದ್ದೂ ಇದೇ ಕಥೆ. ಹತ್ತೊಂಬತ್ತರೊಳಗಿನವರ ಭಾರತ ತಂಡಕ್ಕೆ ನಾಯಕರಾಗಿದ್ದವರು.

ವಿದೇಶದವರನ್ನೂ ಬಿಡಲಿಲ್ಲ. ನ್ಯೂಜಿಲೆಂಡಿನ ವೇಗಿ ಶೇನ್ ಬಾಂಡ್ ಐಸಿಎಲ್ ಸೇರಿದ್ದಕ್ಕೆ ಅವರ ದೇಶದ ಮಂಡಳಿ 2008ರ ಜನವರಿಯಲ್ಲಿ ಕರಾರು ಮುಗಿಸಿತು. ಅದೇ ವರ್ಷ ಢಾಕಾ ಹೆಸರಿನ ತಂಡ ಕಟ್ಟಿಕೊಂಡು ಬಂದ ತನ್ನ ಆಟಗಾರರಿಗೆ ಬಾಂಗ್ಲಾದೇಶದ ಮಂಡಳಿ ಹತ್ತು ವರ್ಷದ ನಿಷೇಧ ಹೇರಿತು. ಹತ್ತು ವರ್ಷ! ಕ್ರಿಕೆಟಿಗನ ಆಯುಸ್ಸೇ ಅಷ್ಟು. (ಅದನ್ನು ಆಮೇಲೆ ಹಿಂತೆಗೆದುಕೊಂಡರು ಬಿಡಿ.)

2009ರ ಹೊತ್ತಿಗೆ ಐಸಿಎಲ್ ಸೊರಗಿತು. ಐಪಿಎಲ್‌ನ ಹಣ, ಮೈದಾನ, ಹೆಸರುಗಳ ಮುಂದೆ ಅದು ನಿಲ್ಲಲಿಲ್ಲ. ಮಂಡಳಿ ಆಗ ಕ್ಷಮಾದಾನ ಘೋಷಿಸಿತು. ಐಸಿಎಲ್ ಬಿಟ್ಟು ಬಂದವರು ರಾಜ್ಯ ತಂಡಗಳಿಗೆ ಆಡಬಹುದು ಎಂದಿತು. ಎಪ್ಪತ್ತಕ್ಕೂ ಹೆಚ್ಚು ಮಂದಿ ಮರಳಿದರು. ಕ್ಷಮಾದಾನ ಎಂಬ ಶಬ್ದ ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಇಲ್ಲ. ಕಳ್ಳತನ ಮಾಡಿದವನಿಗೆ ಕ್ಷಮೆ. ಕ್ರಿಕೆಟ್ ಆಡಿದವನಿಗೆ ಯಾವ ಕ್ಷಮೆ?

ಸ್ಟುವರ್ಟ್ ಬಿನ್ನಿ ಕರ್ನಾಟಕಕ್ಕೆ ಮರಳಿ, ಮತ್ತೆ ಮೊದಲಿನಿಂದ ಹೆಸರು ಗಳಿಸಿ, ಭಾರತದ ಅಂಗಿ ತೊಡುವಾಗ 29 ವರ್ಷ. 2014ರ ಜೂನ್ 17ರಂದು ಬಾಂಗ್ಲಾದ ಮೀರ್‌ಪುರದಲ್ಲಿ ಏನಾಯಿತೆಂದು ಕ್ರಿಕೆಟ್ ಹುಚ್ಚಿನ ಮಕ್ಕಳು ಬಾಯಿಪಾಠ ಹೇಳಬಲ್ಲರು. ಭಾರತ 105ಕ್ಕೆ ಆಲೌಟ್. ಟಿ.ವಿ. ಆರಿಸಿ ಏಳುವ ಹೊತ್ತು. ಬಿನ್ನಿ 4.4 ಓವರ್ ಎಸೆದು, ಕೇವಲ 4 ರನ್ ಕೊಟ್ಟು 6 ವಿಕೆಟ್ ತೆಗೆದರು. ಬಾಂಗ್ಲಾದೇಶ 58ಕ್ಕೆ ಮುಗಿಯಿತು. ಏಕದಿನ ಪಂದ್ಯದಲ್ಲಿ ಭಾರತೀಯನೊಬ್ಬನ ಅತ್ಯುತ್ತಮ ಬೌಲಿಂಗ್ ಎಂದು 1993ರಿಂದ ನಿಂತಿದ್ದ ದಾಖಲೆ ನಮ್ಮ ಅನಿಲ್ ಕುಂಬ್ಳೆಯವರದ್ದು, 12ಕ್ಕೆ 6. ಅದನ್ನು ಮುರಿದದ್ದು ಇನ್ನೊಬ್ಬ ಕನ್ನಡಿಗ, ಅದೂ ಒಂದು ಕಾಲದಲ್ಲಿ ಬಾಗಿಲ ಹೊರಗೆ ನಿಂತಿದ್ದವರು. ಅದರ ಮರುತಿಂಗಳು ಇಂಗ್ಲೆಂಡಿನ ಟ್ರೆಂಟ್‌ಬ್ರಿಜ್‌ನಲ್ಲಿ ಮೊದಲ ಟೆಸ್ಟ್, ಎರಡನೇ ಇನ್ನಿಂಗ್ಸ್‌ನಲ್ಲಿ 78 ರನ್. ರಾಯುಡು ಕೂಡ 2013ರಲ್ಲಿ ಹರಾರೆಯ ತಮ್ಮ ಮೊದಲ ಏಕದಿನ ಪಂದ್ಯದಲ್ಲಿ ಔಟಾಗದೆ 63 ಹೊಡೆದರು. ಇವರಿಬ್ಬರ ಹೆಸರು ನಮಗೆ ಗೊತ್ತಿರುವುದು ಇವರು ಮರಳಿ ಮೇಲೆ ಬಂದ ಕಾರಣ. ಉಳಿದ ಎಪ್ಪತ್ತು ಚಿಲ್ಲರೆ ಮಂದಿಯಲ್ಲಿ ಎಷ್ಟು ಜನರ ಹೆಸರನ್ನು ನೀವು ಹೇಳಬಲ್ಲಿರಿ? ಮೂವತ್ತು ದಾಟಿದವರಿಗೆ ಬಾಗಿಲು ತೆರೆದರೂ ಒಳಗೆ ಕುರ್ಚಿ ಖಾಲಿ ಇರಲಿಲ್ಲ. ಕಪಿಲ್ ದೇವ್ ಮತ್ತು ಮಂಡಳಿ 2012ರಲ್ಲಿ ರಾಜಿಯಾದರು. ಇನ್ನೊಂದು ವಿಚಿತ್ರ ಕೇಳಿ. 2022ರಲ್ಲಿ ಅದೇ ಮಂಡಳಿಗೆ ಅಧ್ಯಕ್ಷರಾಗಿ ಆಯ್ಕೆಯಾದವರು ಸ್ಟುವರ್ಟ್‌ನ ತಂದೆ ರೋಜರ್ ಬಿನ್ನಿ!

ಈಗ ಮೊಮ್ಮಗನ ಪ್ರಶ್ನೆ. ಹಾಗೆ ಹೇಳಲಿಕ್ಕೆ ಆಗ್ತದಾ?

ಬಿ.ಕಾಂ. ಓದುವಾಗ ನಮಗೆ ಮರ್ಕೆಂಟೈಲ್ ಲಾ ಎಂಬ ವಿಷಯವಿತ್ತು. 1872ರ ಭಾರತೀಯ ಕರಾರು ಕಾಯಿದೆ ಅದರಲ್ಲಿ ಮುಖ್ಯ ಪಾಠ. ಅದರ 27ನೇ ಕಲಮನ್ನು ಪರೀಕ್ಷೆಗೆಂದು ಉರುಹೊಡೆದದ್ದು ಐವತ್ತು ವರ್ಷದ ಮೇಲೂ ನಾಲಗೆಯಲ್ಲಿ ಉಂಟು. ನ್ಯಾಯವಾದ ಉದ್ಯೋಗ, ವ್ಯಾಪಾರ, ಕಸುಬು ಮಾಡದಂತೆ ಯಾರನ್ನಾದರೂ ತಡೆಯುವ ಕರಾರು, ತಡೆಯುವಷ್ಟರ ಮಟ್ಟಿಗೆ ಅನೂರ್ಜಿತ. ಅನೂರ್ಜಿತ ಎಂದರೆ ಕಾಗದದಲ್ಲಿ ಬರೆದಿದ್ದರೂ ಬರೆಯದ ಹಾಗೆ.

ಇದಕ್ಕೆ ಒಳ್ಳೆಯ ಉದಾಹರಣೆ ಕ್ರಿಕೆಟ್ಟಿನದ್ದೇ ಉಂಟು. ವೇಗಿ ಜಹೀರ್ ಖಾನ್ ಒಂದು ಕಂಪೆನಿಯ ಜತೆ 2000ರ ನವೆಂಬರಿನಿಂದ ಮೂರು ವರ್ಷಕ್ಕೆ ಕರಾರು ಮಾಡಿದ್ದರು. ಅವರಿಗೆ ಜಾಹೀರಾತು ತಂದುಕೊಡುವುದು ಕಂಪೆನಿಯ ಕೆಲಸ. ಮೂರು ವರ್ಷ ಮುಗಿದ ಮೇಲೂ ಬೇರೆಯವರ ಜತೆ ಸೇರುವ ಮೊದಲು ಆ ಅವಕಾಶವನ್ನು ನಮಗೇ ಕೊಡಬೇಕು ಎಂದು ಅದರಲ್ಲಿ ಒಂದು ಸಾಲಿತ್ತು. ಜಹೀರ್ ಬೇರೆ ಕಡೆ ಹೊರಟರು, ಕಂಪೆನಿ ಕೋರ್ಟಿಗೆ ಹೋಯಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಕಂಪೆನಿಯ ವಾದ ಒಪ್ಪಲಿಲ್ಲ. ಕರಾರಿನ ಅವಧಿಯೊಳಗೆ ಕಟ್ಟು ಹಾಕುವುದು ಬೇರೆ, ಅವಧಿ ಮುಗಿದ ಮೇಲೂ ಕಟ್ಟಿಹಾಕುವುದು ಬೇರೆ, ಎರಡನೆಯದಕ್ಕೆ 27ನೇ ಕಲಮು ಅಡ್ಡ ಬರುತ್ತದೆ ಎಂದಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪತ್ತನಾಜೆಯವರೆಗೆ ಯಜಮಾನನ ಮಾತು, ಅದರ ಮರುದಿನದಿಂದ ಕಲಾವಿದನದ್ದು.

ಲಂಡನ್ನಿನಲ್ಲಿ ಇದಕ್ಕಿಂತ ಮೊದಲೇ ಒಂದು ತೀರ್ಪು ಬಂದಿತ್ತು. 1977ರಲ್ಲಿ ಆಸ್ಟ್ರೇಲಿಯದ ಟಿ.ವಿ. ಒಡೆಯ ಕೆರ್ರಿ ಪ್ಯಾಕರ್ ಹೀಗೇ ಪ್ರಸಾರದ ಹಕ್ಕು ಸಿಗದೆ, ದೇಶದೇಶದ ಕ್ರಿಕೆಟಿಗರನ್ನು ಸೇರಿಸಿ ತನ್ನದೇ ಪಂದ್ಯಾವಳಿ ಕಟ್ಟಿದ. ಇಂಗ್ಲೆಂಡಿನ ನಾಯಕ ಟೋನಿ ಗ್ರೆಗ್, ವೆಸ್ಟ್ ಇಂಡೀಸಿನ ಕ್ಲೈವ್ ಲಾಯ್ಡ್, ವಿವಿಯನ್ ರಿಚರ್ಡ್ಸ್ ಎಲ್ಲರೂ ಹೋದರು. ಆಗ ನಾನು ಬ್ಯಾಂಕಿಗೆ ಹೊಸಬ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಮಗೆ ಇದೇ ಚರ್ಚೆ. ಹೋದವರನ್ನೆಲ್ಲ ಟೆಸ್ಟ್ ಮತ್ತು ಕೌಂಟಿಯಿಂದ ಹೊರಗಿಡುತ್ತೇವೆಂದು ಅಧಿಕಾರಿಗಳು ಹೊರಟಾಗ, ಗ್ರೆಗ್ ಮತ್ತು ಜತೆಯವರು ಹೈಕೋರ್ಟಿಗೆ ಹೋದರು. 1977ರ ನವೆಂಬರ್ 25ರಂದು ನ್ಯಾಯಮೂರ್ತಿ ಸ್ಲೇಡ್ ಆ ನಿಷೇಧ ಕಾನೂನಿಗೆ ವಿರುದ್ಧ ಎಂದರು. ಕ್ರಿಕೆಟಿಗನೂ ದುಡಿದು ತಿನ್ನುವವನೇ, ಅವನ ದುಡಿಮೆಗೆ ವಿನಾಕಾರಣ ಅಡ್ಡಿ ಮಾಡುವಂತಿಲ್ಲ. ಎರಡು ವರ್ಷದಲ್ಲಿ ಪ್ಯಾಕರ್‌ಗೂ ಆಸ್ಟ್ರೇಲಿಯದ ಮಂಡಳಿಗೂ ರಾಜಿಯಾಯಿತು. ಪ್ರಸಾರದ ಹಕ್ಕು ಅವನಿಗೇ ಸಿಕ್ಕಿತು!

ನಮ್ಮಲ್ಲಿಯೂ ಮಂಡಳಿಗೆ ಒಂದು ಪೆಟ್ಟು ಬಿತ್ತು, ಬಾಗಿಲು ತೆರೆದ ಮೇಲೆ. ಕ್ರಿಕೆಟ್ ಅಭಿಮಾನಿಯೊಬ್ಬರು 2010ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಒಂದೇ ಅಂಗಡಿಯವನು ಪೇಟೆಯನ್ನೆಲ್ಲ ಹಿಡಿದುಕೊಂಡು ಉಳಿದವರನ್ನು ಏಳದಂತೆ ಮಾಡುತ್ತಾನೋ ಎಂದು ನೋಡುವುದು ಈ ಆಯೋಗದ ಕೆಲಸ. ಐಪಿಎಲ್ ಪ್ರಸಾರದ ಕರಾರಿನಲ್ಲಿ, ಐಪಿಎಲ್‌ಗೆ ಪೈಪೋಟಿಯಾಗುವ ಬೇರೆ ವೃತ್ತಿಪರ ಟಿ-20 ಪಂದ್ಯಾವಳಿಯನ್ನು ದೇಶದಲ್ಲಿ ನಡೆಸುವುದಿಲ್ಲ, ಮಾನ್ಯ ಮಾಡುವುದೂ ಇಲ್ಲ ಎಂದು ಮಂಡಳಿ ಮಾತು ಕೊಟ್ಟಿತ್ತು. 2013ರ ಫೆಬ್ರವರಿಯಲ್ಲಿ ಆಯೋಗ ಮಂಡಳಿಗೆ 52.24 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ 2015ರಲ್ಲಿ ಅದು ರದ್ದಾಗಿ, ಮತ್ತೆ ವಿಚಾರಣೆ ನಡೆದು, 2017ರ ನವೆಂಬರಿನಲ್ಲಿ ಅಷ್ಟೇ ದಂಡ ಎರಡನೇ ಸಲ ಬಂತು. ಅದರಿಂದ ಬಿನ್ನಿಗಾಗಲಿ ರಾಯುಡುಗಾಗಲಿ ಕಳೆದುಹೋದ ಎರಡು ವರ್ಷದಲ್ಲಿ ಒಂದು ದಿನವೂ ಮರಳಲಿಲ್ಲ.

ಕ್ರಿಕೆಟ್ಟಿಗೆ ಮಾತ್ರ ಇದು ನಿಂತಿಲ್ಲ. ಕಬಡ್ಡಿಯಲ್ಲೂ 2019ರಲ್ಲಿ ಹಳೆಯ ಫೆಡರೇಶನ್ನಿನ ಮಾನ್ಯತೆ ಇಲ್ಲದ ಇನ್ನೊಂದು ಲೀಗ್ ಹುಟ್ಟಿ, ಮೈಸೂರು, ಬೆಂಗಳೂರಿನಲ್ಲೂ ಪಂದ್ಯ ನಡೆಸಿತು.

ಹಾಗೆಂದು ಕಟ್ಟುಪಾಡೇ ಬೇಡ ಎನ್ನಬೇಡಿ. 2010ರಲ್ಲಿ ರವೀಂದ್ರ ಜಡೇಜ ಇಡೀ ಒಂದು ಐಪಿಎಲ್ ಆಡಲಿಲ್ಲ. ರಾಜಸ್ಥಾನ ತಂಡದಲ್ಲಿರುವಾಗಲೇ ನಿಯಮ ಮೀರಿ ಇನ್ನೊಂದು ತಂಡದ ಜತೆ ನೇರ ಮಾತುಕತೆ ನಡೆಸಿದರೆಂದು ಒಂದು ವರ್ಷ ಹೊರಗಿಟ್ಟರು. ಶಿಕ್ಷೆ ಸ್ವಲ್ಪ ಹೆಚ್ಚಾಯಿತೆಂದು ನನ್ನ ಅಭಿಪ್ರಾಯ, ಆದರೆ ನಿಯಮ ತಪ್ಪಲ್ಲ. ಅದು ತಿರುಗಾಟದ ನಡುವೆ ಚೌಕಿ ಬಿಡಲು ನೋಡಿದ ಹಾಗೆ. ನಿಯಮದೊಳಗೆ ಇದ್ದರೆ ಎಷ್ಟು ಮೇಳ ಬೇಕಾದರೂ ತಿರುಗಬಹುದು ಎಂಬುದಕ್ಕೆ ನಮ್ಮ ಸುರತ್ಕಲ್‌ನ ರಾಹುಲ್ ಅವರನ್ನೇ ನೋಡಿ. 2013ರಲ್ಲಿ ಬೆಂಗಳೂರು, ಆಮೇಲೆ ಹೈದರಾಬಾದ್, ಮತ್ತೆ ಬೆಂಗಳೂರು, 2018ರಿಂದ ಪಂಜಾಬ್, 2022ರಿಂದ ಲಖನೌ, 2025ಕ್ಕೆ 14 ಕೋಟಿ ರೂಪಾಯಿಗೆ ದೆಹಲಿ. ಯಾರೂ ಅವರನ್ನು ದ್ರೋಹಿ ಎನ್ನಲಿಲ್ಲ. ಬೆಂಗಳೂರು ಅಭಿಮಾನಿಯಾದ ನನ್ನ ಮೊಮ್ಮಗಳು ಮಾತ್ರ ಇನ್ನೂ ಮುನಿಸಿಕೊಂಡಿದ್ದಾಳೆ.

ಇನ್ನು ಇ-ಸ್ಪೋರ್ಟ್ಸ್ ಎಂದು ಕಣ್ಣರಳಿಸುವ ಹುಡುಗ ಹುಡುಗಿಯರಿಗೂ, ಅವರ ಹಿಂದೆ ಚಿಂತೆಯಲ್ಲಿ ಕೂತ ಅಜ್ಜ ಅಜ್ಜಿಯರಿಗೂ ಕೆಲಸಕ್ಕೆ ಬರುವ ಒಂದೆರಡು ಮಾತು. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸನ್ನು ಕ್ರೀಡೆಯೆಂದು ಮಾನ್ಯ ಮಾಡಿದೆ. ಎರಡೂ ಒಂದೇ ಮೊಬೈಲಿನಲ್ಲಿ ಬರುವುದರಿಂದ ಹಿರಿಯರಿಗೆ ಗಲಿಬಿಲಿ ಸಹಜ. ಪಣಕ್ಕೆ ಹಣ ಕೇಳಿದರೆ ಅದು ಜೂಜಿನ ಕಡೆಯದ್ದು ಎಂದು ತಿಳಿಯಿರಿ.

ಈ ಆಟದಲ್ಲಿ ಹೆಸರು ಮಾಡುವವರು ಹದಿನಾರು ಹದಿನೇಳರ ಮಕ್ಕಳು. ಕರಾರು ಕಾಯಿದೆಯ 11ನೇ ಕಲಮಿನ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡುವ ಹಾಗಿಲ್ಲ. 1903ರಲ್ಲೇ ಪ್ರಿವಿ ಕೌನ್ಸಿಲ್ ಅಂಥ ಕರಾರಿಗೆ ಬೆಲೆಯೇ ಇಲ್ಲ ಎಂದು ಖಡಾಖಂಡಿತ ಹೇಳಿದೆ. ಹಾಗಾದರೆ ಅಪ್ಪ ಸಹಿ ಹಾಕಿದರಾಯಿತಲ್ಲ ಎನ್ನುತ್ತೀರಿ. ಅದಕ್ಕೂ ಒಂದು ಹಳೆಯ ಮೊಕದ್ದಮೆ ಉಂಟು. ಮುಂಬೈಯಲ್ಲಿ ಸಿನಿಮಾದಲ್ಲಿ ಪಾತ್ರ ಕೊಡುತ್ತೇವೆಂದು ಒಬ್ಬ ಅಪ್ರಾಪ್ತ ಹುಡುಗಿಯ ಪರವಾಗಿ ಅವಳ ತಂದೆಯ ಜತೆ ಕರಾರು ಮಾಡಿಕೊಂಡು, ಆಮೇಲೆ ಪಾತ್ರವನ್ನು ಬೇರೆಯವರಿಗೆ ಕೊಟ್ಟರು. ಹುಡುಗಿ ಕೋರ್ಟಿಗೆ ಹೋದರೆ, ಈ ಕರಾರು ನಿಲ್ಲುವುದಿಲ್ಲ, ಮಗಳೂ ತಂದೆಯೂ ಇದರ ಮೇಲೆ ದಾವೆ ಹೂಡುವಂತಿಲ್ಲ ಎಂದು ತೀರ್ಮಾನವಾಯಿತು. ಮಗುವನ್ನು ಕಾಪಾಡಲು ಮಾಡಿದ ಕಾನೂನೇ ಮಗುವಿನ ಕೈ ಖಾಲಿ ಮಾಡಿದ ಹಾಗಾಯಿತು.

ಆದ್ದರಿಂದ ಯಾವ ತಂಡದವರಾದರೂ ಇಪ್ಪತ್ತು ಪುಟದ ಕಾಗದ ಹಿಡಿದುಕೊಂಡು ಮನೆಗೆ ಬಂದರೆ, ಸಂಬಳದ ಅಂಕೆ ಇರುವ ಪುಟವನ್ನು ಕೊನೆಗೆ ಓದಿ. ಕರಾರು ಯಾವ ತಾರೀಕಿಗೆ ಮುಗಿಯುತ್ತದೆ, ನಡುವೆ ಬಿಡಿಸಿಕೊಳ್ಳಲು ಎಷ್ಟು ಕೊಡಬೇಕು, ಮುಗಿದ ಮೇಲೆ ಎಷ್ಟು ತಿಂಗಳು ಬೇರೆಡೆ ಆಡಬಾರದೆಂದು ಬರೆದಿದ್ದಾರೆ, ಇದನ್ನು ಮೊದಲು ಹುಡುಕಿ. ಸಾಮಾನ್ಯವಾಗಿ ಅದು ಸಣ್ಣ ಅಕ್ಷರದಲ್ಲಿ, ಹದಿನಾರು ಹದಿನೇಳನೇ ಪುಟದಲ್ಲಿ ಇರುತ್ತದೆ. ಅಂಥ ಸಣ್ಣ ಅಕ್ಷರ ಓದಿಯೇ ಕಣ್ಣು ಹಾಳು ಮಾಡಿಕೊಂಡ ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತ ಪ್ರತಿಯೊಂದು ಬೀದಿಯಲ್ಲೂ ಇರುತ್ತಾನೆ. ಒಂದು ಲೋಟ ಚಹಾ ಕೊಟ್ಟರೆ ಇಡೀ ಕಾಗದ ಓದಿ ಹೇಳುತ್ತಾನೆ.